ರೋಗಾಣುವಿಗೆ ರೋಗಾಣುವೇ ಮದ್ದು

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬುದು ಹಿರಿಯರ ಮಾತು. ವೈದ್ಯವಿಜ್ಞಾನದಲ್ಲಿ ಈ ಮಾತು ಹೇಗೆ ಸಲ್ಲುತ್ತಿದೆಯೆಂಬುದನ್ನು, ನನ್ನಂತೆ ವಿಜ್ಞಾನವನ್ನು ಐಚ್ಛಿಕವಾಗಿ ಓದದ ಸಹಪಾಠಿಗಳಿಗೂ ತಿಳಿಯುವಂತೆ ಹೇಳಲು ಯತ್ನಿಸುತ್ತೇನೆ.

1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ ಅವರೇ 1945ರ ನೊಬೆಲ್ ಭಾಷಣದಲ್ಲಿ ಒಂದು ಎಚ್ಚರಿಕೆ ನುಡಿದರು: ಸಾಲದಷ್ಟು ಔಷಧ ಕೊಟ್ಟರೆ ರೋಗಾಣುಗಳು ಸಾಯದೆ ಅದನ್ನು ಎದುರಿಸಬಲ್ಲವಾಗುತ್ತವೆ. ಹಾಗೆಯೇ ಆಯಿತು. ಔಷಧ ತಗುಲಿದಾಗ ದುರ್ಬಲವಾದವು ಸಾಯುತ್ತವೆ. ತಡೆದುಕೊಂಡವು ಉಳಿದು ಸಂತಾನ ಬೆಳೆಸುತ್ತವೆ. ಕೆಲವು ಬ್ಯಾಕ್ಟೀರಿಯಗಳ ಹೊರಪೊರೆಯಲ್ಲಿ ಪಂಪುಗಳಂಥ ರಚನೆಗಳುಂಟು. ಒಳಬಂದ ಔಷಧವನ್ನು ಅವು ಹೊರಕ್ಕೆ ಚೆಲ್ಲಿಬಿಡುತ್ತವೆ.

ಹಾಗಾದರೆ ಉಪಾಯವೇನು? ಬ್ಯಾಕ್ಟೀರಿಯಗಳಿಗೂ ಶತ್ರುಗಳಿದ್ದಾರೆ. ‘ಫೇಜ್’ ಎಂಬ ವೈರಸ್ಸು ಬ್ಯಾಕ್ಟೀರಿಯದ ಮೈಗೆ ಅಂಟಿ, ತನ್ನ ವಂಶದ್ರವ್ಯವನ್ನು ಒಳಸೇರಿಸಿ, ಅಲ್ಲಿಯೇ ನೂರಾಗಿ ಹೆಚ್ಚಿ, ಕೊನೆಗೆ ಅದನ್ನು ಒಡೆದು ಹೊರಬರುತ್ತದೆ. ಮನುಷ್ಯನ ಜೀವಕೋಶಗಳಿಗೆ ಇದು ಸೋಂಕು ತಗುಲಿಸದು. 1896ರಲ್ಲಿ ಹ್ಯಾಂಕಿನ್ ಎಂಬವರು ಗಂಗಾ ಯಮುನೆಯರ ನೀರು ಕಾಲರಾ ರೋಗಾಣುಗಳನ್ನು ಕೊಲ್ಲುವುದೆಂದೂ, ಕಾಯಿಸಿದರೆ ಆ ಗುಣ ಹೋಗುವುದೆಂದೂ ಬರೆದರು. ಅದು ಫೇಜ್‌ನ ಕೆಲಸವಿರಬಹುದೆಂದು ಮುಂದಿನವರು ಊಹಿಸಿದರು. 1917ರಲ್ಲಿ ಫೆಲಿಕ್ಸ್ ಡೆರೆಲ್ ಅವರು ಇದಕ್ಕೆ ಹೆಸರಿಟ್ಟು, ಮುಂದೆ ಚಿಕಿತ್ಸೆಗೂ ಬಳಸಿದರು. ಪೆನಿಸಿಲಿನ್ ಬಂದಮೇಲೆ ಪಶ್ಚಿಮದವರು ಇದನ್ನು ಮರೆತರು; ಆದರೆ ಜಾರ್ಜಿಯ ದೇಶದ ಟ್ಬಿಲಿಸಿಯಲ್ಲಿ ಕೆಲಸ ನಿಲ್ಲಲಿಲ್ಲ.

ಬ್ಯಾಕ್ಟೀರಿಯವು ಫೇಜನ್ನೂ ಎದುರಿಸಲು ಕಲಿಯದೆ? ಕಲಿಯುತ್ತದೆ. ಸ್ವಾರಸ್ಯವಿರುವುದೇ ಇಲ್ಲಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಒಂದು ಕೊಳದ ನೀರಿನಲ್ಲಿ ಕಂಡ ಫೇಜೊಂದನ್ನು 2016ರಲ್ಲಿ ವರ್ಣಿಸಿದರು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯದಲ್ಲಿ ಔಷಧವನ್ನು ಹೊರಚೆಲ್ಲುವ ಪಂಪಿನ ಭಾಗವನ್ನೇ ಈ ಫೇಜ್ ಹಿಡಿಯುತ್ತದೆ. ಪಂಪನ್ನು ಉಳಿಸಿಕೊಂಡರೆ ಫೇಜ್ ಕೊಲ್ಲುತ್ತದೆ. ಅದನ್ನು ಬದಲಿಸಿ ಪಾರಾದರೆ ಹಳೆಯ ಔಷಧವೇ ಮತ್ತೆ ನಾಟುತ್ತದೆ. ಅತ್ತ ದರಿ, ಇತ್ತ ಪುಲಿ!

ಆದರೆ ಇದು ಸರ್ವರೋಗಕ್ಕೂ ರಾಮಬಾಣವಲ್ಲ. ಒಂದೊಂದು ಫೇಜ್ ಕೆಲವೇ ಬಗೆಯ ಬ್ಯಾಕ್ಟೀರಿಯಗಳಿಗೆ ಹೊಂದುತ್ತದೆ. ರೋಗಿಗೆ ತಕ್ಕದ್ದನ್ನು ಹುಡುಕಿ, ಶುದ್ಧಿಮಾಡಿ ಕೊಡಬೇಕು. ದೇಹದ ರಕ್ಷಣಾಶಕ್ತಿಯೂ ಅದನ್ನು ಹೊರಹಾಕಬಹುದು. ಅದಕ್ಕಿಂತ ಮುಖ್ಯವಾಗಿ, ಈ ಯುಕ್ತಿ ಫಲಿಸಬೇಕಾದರೆ ಹಳೆಯ ಔಷಧವೂ ಜೊತೆಗಿರಬೇಕು. ನೆಗಡಿಯನ್ನು ತರುವುದು ವೈರಸ್ಸು. ಅದಕ್ಕೆ ಈ ಮಾತ್ರೆಗಳು ತಾಗುವುದಿಲ್ಲ. ಆದರೂ ವೈದ್ಯರನ್ನು ಕೇಳದೆ ಅಂಗಡಿಯಿಂದ ಕೊಂಡು ನುಂಗುವವರು ನಮ್ಮಲ್ಲಿದ್ದಾರೆ. ಹಾಗೆ ನುಂಗಿದ ಒಂದೊಂದು ಮಾತ್ರೆಯೂ ಮುಂದೊಬ್ಬ ರೋಗಿಗೆ ಬೇಕಾಗುವ ಔಷಧವನ್ನು ಮೊಂಡುಮಾಡುತ್ತದೆಂಬುದನ್ನು ವಿದ್ಯಾವಂತರಾದ ನಾವು ಮನೆಮನೆಗೂ ತಿಳಿಸಬೇಕು.