ಅಲ್ಟ್ರಾವೈಡ್ ಮಾನಿಟರ್: ಇಂಚು ನೋಡಬೇಡಿ, ಪಿಕ್ಸೆಲ್ ಎಣಿಸಿ

ಅಂಗಡಿಯಲ್ಲಿ 34 ಇಂಚಿನ ಎರಡು ಅಲ್ಟ್ರಾವೈಡ್ ಮಾನಿಟರ್‌ಗಳು ಅಕ್ಕಪಕ್ಕ ಕೂತಿವೆ. ಅಳತೆ ಒಂದೇ, ಬೆಲೆ ಮಾತ್ರ ಬೇರೆ. ಅಗ್ಗದ್ದನ್ನು ಎತ್ತಿಕೊಳ್ಳುವ ಮೊದಲು ಡಬ್ಬದ ಮೇಲಿನ ರೆಸಲ್ಯೂಷನ್ ಓದಿ. ಒಂದರ ಮೇಲೆ 2560×1080, ಇನ್ನೊಂದರ ಮೇಲೆ 3440×1440 ಎಂದಿದ್ದರೆ ಅವು ಒಂದೇ ದರ್ಜೆಯವಲ್ಲ.

ಮೊದಲು ಎರಡೂ ಸಂಖ್ಯೆಗಳನ್ನು ಗುಣಿಸಿ. ಮೊದಲನೆಯದರಲ್ಲಿ 27,64,800 ಪಿಕ್ಸೆಲ್, ಎರಡನೆಯದರಲ್ಲಿ 49,53,600. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ 1.79, ಅಂದರೆ ಶೇ 79ರಷ್ಟು ಹೆಚ್ಚು. ಯಾವ ಎರಡು ಪರದೆಗಳನ್ನಾದರೂ ಹೀಗೇ ಹೋಲಿಸಬಹುದು.

‘4ಕೆ’, ‘5ಕೆ’ ಎಂಬ ಹೆಸರುಗಳನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅವು ಅಡ್ಡಸಾಲಿನ ಲೆಕ್ಕವನ್ನಷ್ಟೇ ಹೇಳುತ್ತವೆ. ಮಾಮೂಲಿ 4ಕೆ ಎಂದರೆ 3840×2160, ಒಟ್ಟು 82,94,400 ಪಿಕ್ಸೆಲ್. 38 ಇಂಚಿನ ಅಲ್ಟ್ರಾವೈಡ್‌ಗಳಲ್ಲಿ ಸಿಗುವ 3840×1600ರ ಅಗಲವೂ ಅಷ್ಟೇ, ಆದರೆ ಒಟ್ಟು 61,44,000. ಈ ಕೊರತೆ ಒಂದು ಪೂರ್ತಿ ಫುಲ್ ಎಚ್‌ಡಿ ಪರದೆಗಿಂತಲೂ ದೊಡ್ಡದು! 5120×1440 ಮತ್ತು 5120×2160ರ ಕಥೆಯೂ ಇದೇ. ಒಂದರಲ್ಲಿ 73,72,800, ಇನ್ನೊಂದರಲ್ಲಿ 1,10,59,200.

ಹಾಗಾಗಿ ನನ್ನ ಸಲಹೆ, ಎರಡನೆಯ ಸಂಖ್ಯೆಯ ಮೇಲೆ ಹೆಚ್ಚು ಕಣ್ಣಿಡಿ. ವಿಡಿಯೊ ಎಡಿಟಿಂಗ್ ಮಾಡುವವರಿಗೆ, ಎರಡು ಕಡತಗಳನ್ನು ಪಕ್ಕಪಕ್ಕ ತೆರೆದಿಡುವವರಿಗೆ ಅಗಲ ಬೇಕು, ನಿಜ. ಆದರೆ ಬರೆಯುವವರಿಗೆ, ಕೋಡ್ ಮಾಡುವವರಿಗೆ, ಎಕ್ಸೆಲ್‌ನಲ್ಲಿ ದಿನ ಕಳೆಯುವವರಿಗೆ ಒಮ್ಮೆಗೆ ಎಷ್ಟು ಸಾಲು ಕಾಣುತ್ತದೆ ಎನ್ನುವುದೇ ಮುಖ್ಯ. 2560×1080 ಕೊಂಡರೆ ಹಳೆಯ ಫುಲ್ ಎಚ್‌ಡಿ ಪರದೆಗಿಂತ ಒಂದು ಸಾಲೂ ಹೆಚ್ಚು ಸಿಗುವುದಿಲ್ಲ.

ಮುಂದಿನ ಲೆಕ್ಕ ಸಾಂದ್ರತೆಯದು, ಅಂದರೆ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಎಂಬುದು. ಎರಡೂ ಸಂಖ್ಯೆಗಳ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದು, ಪರದೆಯ ಇಂಚಿನಿಂದ ಭಾಗಿಸಿ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು. 34 ಇಂಚಿನಲ್ಲಿ 3440×1440ಕ್ಕೆ ಸುಮಾರು 110 ಬರುತ್ತದೆ, 2560×1080ಕ್ಕೆ ಬರೀ 82. ಸಾಮಾನ್ಯ 24 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲೇ 92 ಇರುತ್ತದೆ. ಕನ್ನಡದಲ್ಲಿ ಓದಿ ಬರೆಯುವವರು ಇದನ್ನು ಕಡೆಗಣಿಸಲೇಬಾರದು. ಸಾಂದ್ರತೆ ಕಡಿಮೆಯಾದಾಗ ಮೊದಲು ಮಸುಕಾಗುವುದು ಅಕ್ಷರದ ಕೆಳಗಿನ ಸಣ್ಣ ಒತ್ತುಗಳೇ. ಬಜೆಟ್ 2560×1080ಕ್ಕೇ ನಿಲ್ಲುವುದಾದರೆ 29 ಇಂಚಿನದನ್ನು ಕೊಳ್ಳಿ. ಅದರಲ್ಲಿ ಸಾಂದ್ರತೆ 96ರ ಹತ್ತಿರ ಇರುತ್ತದೆ.

ಗೇಮ್ ಆಡುವವರು ಗ್ರಾಫಿಕ್ಸ್ ಕಾರ್ಡಿನ ಶಕ್ತಿಯನ್ನೂ ಅಂದಾಜು ಮಾಡಬೇಕು. 2560×1440ರಿಂದ 3440×1440ಕ್ಕೆ ಹೋದರೆ ಪ್ರತಿ ಫ್ರೇಮಿಗೂ ಶೇ 34ರಷ್ಟು ಹೆಚ್ಚು ಪಿಕ್ಸೆಲ್ ಬಿಡಿಸಬೇಕು. 5120×1440 ಆದರೆ ನೇರ ಎರಡು ಪಟ್ಟು. ಕಚೇರಿ ಕೆಲಸಕ್ಕೆ ಈ ಚಿಂತೆ ಬೇಡ, ಲ್ಯಾಪ್‌ಟಾಪಿನ ಪೋರ್ಟ್ ಆ ರೆಸಲ್ಯೂಷನ್ ಕೊಡುತ್ತದೆಯೇ ಎಂದು ಕೇಳಿಕೊಂಡರೆ ಸಾಕು.

ಮನೆಗೆ ತಂದು ಜೋಡಿಸಿದ ಮೇಲೆ ವಿಂಡೋಸ್‌ನ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ತೆರೆದು ಯಾವ ರೆಸಲ್ಯೂಷನ್ ಆಯ್ಕೆಯಾಗಿದೆ ನೋಡಿ. ಡಬ್ಬದ ಮೇಲಿರುವುದಕ್ಕಿಂತ ಕಡಿಮೆ ಇದ್ದರೆ ಸರಿಯಾದದ್ದನ್ನು ಆರಿಸಿ. ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಮಾನಿಟರ್ ವಾಪಸ್ ಮಾಡುವ ಮೊದಲು ಕೇಬಲ್ ಬದಲಿಸಿ, ಇನ್ನೊಂದು ಪೋರ್ಟಿಗೆ ಹಾಕಿ ನೋಡಿ.