ಪಕ್ಕದ ಮನೆಯ ಬೆಲ್ ಒತ್ತಿ

ಪಕ್ಕದ ಮನೆಯಲ್ಲಿ ತಟ್ಟೆ ಬಿಸಾಡಿದ ಸದ್ದು, ಹಿಂದೆಯೇ ಆ ಮನೆಯ ಹೆಂಗಸಿನ ಚೀರಾಟ ಕೇಳಿದರೆ ಟಿವಿ ಸೌಂಡು ಜಾಸ್ತಿ ಮಾಡಬೇಡಿ. ಹೋಗಿ ಬೆಲ್ ಒತ್ತಿ. ‘ಹೆಪ್ಪು ಹಾಕೋಕೆ ಸ್ವಲ್ಪ ಮೊಸರಿದೆಯಾ?’ ಎಂದು ಕೇಳಿದರೂ ಎಷ್ಟೋ ಸಲ ಎತ್ತಿದ ಕೈ ಕೆಳಗಿಳಿಯುತ್ತದೆ. ಕೌಟುಂಬಿಕ ಹಿಂಸೆಯ ವಿರುದ್ಧ 2008ರಲ್ಲಿ ಶುರುವಾದ ‘ಬೆಲ್ ಬಜಾವೊ’ (ಬೆಲ್ ಒತ್ತಿ) ಅಭಿಯಾನ ಕೇಳಿಕೊಂಡದ್ದೂ ಇಷ್ಟನ್ನೇ. ಒಬ್ಬರೇ ಹೋಗಲು ಭಯವಾದರೆ ಇನ್ನೊಬ್ಬರನ್ನು ಕರೆದುಕೊಳ್ಳಿ. ಪ್ರಾಣಕ್ಕೇ ಅಪಾಯ ಅನ್ನಿಸಿದರೆ ತಡಮಾಡದೆ 112ಕ್ಕೆ ಫೋನ್ ಮಾಡಿ.

ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ದಯವಿಟ್ಟು ಹೊಡೆತಕ್ಕೆ ಅನ್ವಯಿಸಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ಕೊಟ್ಟ ಮಾಹಿತಿಗಾಗಿ ನಿಮ್ಮ ಮೇಲೆ ಕೇಸು ಬೀಳುವುದಿಲ್ಲ.

ಮರುದಿನ ಆಕೆ ಒಬ್ಬಳೇ ಸಿಕ್ಕಾಗ ‘ಯಾಕಮ್ಮ ಸಹಿಸ್ಕೊಂಡಿದ್ದೀಯ’ ಅಂತ ಗದರಬೇಡಿ. ಹೇಳಿದ್ದನ್ನು ನಂಬಿ. 181 ಮಹಿಳಾ ಸಹಾಯವಾಣಿಯ ನಂಬರನ್ನು ಬಾಯಲ್ಲೇ ಹೇಳಿ. ಚೀಟಿ ಬರೆದುಕೊಟ್ಟರೆ ಗಂಡನ ಕೈಗೆ ಸಿಗಬಹುದು.