ಬೀರುವಿಗೆ ಸ್ಪ್ರೇ ಹೊಡೆಯುವ ಮುಂಚೆ ಇಷ್ಟು ಕೇಳಿಸಿಕೊಳ್ಳಿ

ಹಳೇ ಬೀರು, ಕಿಟಕಿ ಗ್ರಿಲ್ಲು, ಸ್ಕೂಟರಿನ ಮಡ್‌ಗಾರ್ಡು ಎಲ್ಲಕ್ಕೂ ಈಗ ನೀವೇ ಡಬ್ಬಿ ತಂದು ಸ್ಪ್ರೇ ಹೊಡೆಯುತ್ತೀರಿ. ಒಳ್ಳೆಯದೇ, ಕೂಲಿ ಉಳಿಯುತ್ತದೆ. ಆದರೆ ಕೆಲಸ ಕೆಟ್ಟರೆ ಬೈಸಿಕೊಳ್ಳುವವನು ಬಣ್ಣದಂಗಡಿಯವನು. ಪಾಪ, ಬಹಳ ಸಲ ಅವನದೇನೂ ತಪ್ಪಿರುವುದಿಲ್ಲ.

• ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲಿ ಸಾಮಾನು ಮುಟ್ಟಬೇಡಿ. ಜಿಡ್ಡಿದ್ದ ಕಡೆ ಬಣ್ಣ ಕೂರದೆ ಸುತ್ತ ಸರಿದುಕೊಂಡು ದುಂಡನೆ ಗುಳಿ ಬೀಳುತ್ತದೆ. ಗಾಡಿಗೆ ಹಾಕುವ ಸಿಲಿಕೋನ್ ಪಾಲಿಶ್ ಇನ್ನೂ ಹಠಮಾರಿ. ಮೊದಲು ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಆಮೇಲೆ ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಅದು ಆರುವ ಮುಂಚೆ ಒಣಬಟ್ಟೆ ಆಡಿಸಿ. ಎರಡಕ್ಕೂ ಒಂದೇ ಬಟ್ಟೆ ಸಾಕು ಅಂದುಕೊಂಡರೆ ಜಿಡ್ಡು ಹೋಗುವುದಿಲ್ಲ, ಹರಡುತ್ತದೆ ಅಷ್ಟೆ.

• ಹಳೇ ಬಣ್ಣದ ಮೇಲೆ ಹೊಡೆಯುವುದಾದರೆ ಕಾಣದ ಮೂಲೆಯಲ್ಲಿ ಥಿನ್ನರ್ ಉಜ್ಜಿ ನೋಡಿ. ಬಣ್ಣ ಮೆತ್ತಗಾಗಿ ಬಟ್ಟೆಗೆ ಬಂತೋ, ಹೊಸ ಕೋಟು ಅದನ್ನು ಕೆದಕಿ ಸುಕ್ಕು ಎಬ್ಬಿಸುತ್ತದೆ. ಎನಾಮೆಲ್ ಪೂರ್ತಿ ಒಣಗದೆ ಅದರ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆಯಲೇಬೇಡಿ.

• ತುಕ್ಕಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ ತೆಗೆದು ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಿರಿ. ತುಕ್ಕು ಮುಚ್ಚಿಟ್ಟರೆ ಮುಂದೆ ಬಣ್ಣವೇ ಉಬ್ಬಿ ಎದ್ದು ಬರುತ್ತದೆ.

• ದೂರ ಅಳೆಯಲು ಟೇಪು ಬೇಡ, ಕೈಯೇ ಸಾಕು. ಡಬ್ಬಿಯಾದರೆ ಒಂದು ಗೇಣು, ಮೇಲೆ ನಾಲ್ಕು ಬೆರಳು. ಕಂಪ್ರೆಸರ್ ಗನ್ನಾದರೆ ಗೇಣಿಗಿಂತ ಸ್ವಲ್ಪ ಕಮ್ಮಿ. ತೀರ ಹತ್ತಿರ ಹಿಡಿದರೆ ಬಣ್ಣ ಕಣ್ಣೀರಿನಂತೆ ಇಳಿಯುತ್ತದೆ. ತೀರ ದೂರವಾದರೆ ಗಾಳಿಯಲ್ಲೇ ಒಣಗಿ, ಮುಟ್ಟಿದರೆ ಮರಳು ಮರಳು. ತಾರಸಿಯ ಮೇಲೆ ಗಾಳಿಗೆ ನಿಂತು ಹೊಡೆದರೂ ಇದೇ ಗತಿ.

• ಒಂದೇ ಕೋಟಿಗೆ ಮುಗಿಸಿಬಿಡೋಣ ಅನ್ನಿಸುತ್ತದೆ, ನನಗೆ ಗೊತ್ತು. ಬೇಡ. ಮೂರು ತೆಳು ಕೋಟು ಹೊಡೆಯಿರಿ, ಪ್ರತಿ ಸಾಲೂ ಹಿಂದಿನ ಸಾಲನ್ನು ಅರ್ಧ ಮುಚ್ಚಲಿ. ಸಾಮಾನಿನ ಅಂಚಿನಾಚೆಗೇ ಒತ್ತಲು ಶುರುಮಾಡಿ, ಆಚೆ ದಾಟಿದ ಮೇಲೆ ಬಿಡಿ. ಅಂಚಲ್ಲಿ ಕೈ ನಿಂತರೆ ಅಲ್ಲೇ ಬಣ್ಣ ಗುಡ್ಡೆಯಾಗುತ್ತದೆ.

• ಗನ್ನಿನಲ್ಲಿ ಹೊಡೆಯುವವರಿಗೆ ಥಿನ್ನರಿನಲ್ಲಿ ಕಂಜೂಸು ಬೇಡ, ಧಾರಾಳವೂ ಬೇಡ. ಬಣ್ಣ ಗಟ್ಟಿಯಾದರೆ, ಇಲ್ಲವೆ ಗಾಳಿಯ ಒತ್ತಡ ಸಾಲದಿದ್ದರೆ, ಮೈಯೆಲ್ಲ ಕಿತ್ತಳೆ ಸಿಪ್ಪೆಯಾಗುತ್ತದೆ. ನೀರಾದರೆ ಮತ್ತೆ ಇಳಿಯುತ್ತದೆ. ಅಗ್ಗದ ಥಿನ್ನರ್ ತಂದು ದುಬಾರಿ ಬಣ್ಣಕ್ಕೆ ಸುರಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

• ಊರಿನ ಹವೆ ನೋಡಿ ಕೆಲಸ ಹಿಡಿಯಿರಿ. ಬಳ್ಳಾರಿ, ರಾಯಚೂರಿನ ಕಡೆಯವರು ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಮುಗಿಸಿಬಿಡಿ. ಕಾದ ತಗಡಿನ ಮೇಲೆ ದಪ್ಪಗೆ ಹೊಡೆದರೆ ಮೇಲ್ಪದರ ಮೊದಲು ಒಣಗುತ್ತದೆ, ಒಳಗಿನ ಥಿನ್ನರ್ ದಾರಿ ಸಿಗದೆ ಗುಳ್ಳೆ ಒಡೆದು ಸೂಜಿತೂತು ಮಾಡಿ ಹೊರಡುತ್ತದೆ. ಮಲೆನಾಡು, ಮಂಗಳೂರಿನ ಕಡೆಯವರು ಆಷಾಢದ ಮಳೆಯಲ್ಲಿ ಮರಕ್ಕೆ ಲ್ಯಾಕರ್ ಹಚ್ಚುವ ಹಟ ಬಿಡಿ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಕೂರುತ್ತದೆ, ಹೊಳೆಯಬೇಕಾದ ಟೀಪಾಯಿ ಬೆಳ್ಳಗೆ ಮಂಕಾಗುತ್ತದೆ. ಮದುವೆ ಮನೆ, ಕಾಯುವ ಹಾಗಿಲ್ಲ ಎಂದರೆ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಕೇಳಿ ತಂದು ಸ್ವಲ್ಪ ಬೆರೆಸಿ. ಬೆಳ್ಳಗಾಗಿಹೋಗಿದ್ದರೂ ಅದನ್ನೇ ತೆಳ್ಳಗೆ ಒಂದು ಸಲ ಹೊಡೆದು ನೋಡಿ, ಬಹಳ ಸಲ ಹೊಳಪು ಮರಳುತ್ತದೆ.

• ಕಂಪ್ರೆಸರಿನ ಟ್ಯಾಂಕಿನ ನೀರನ್ನು ದಿನಾ ಖಾಲಿ ಮಾಡಿ. ಹಾಗೇ ಬಿಟ್ಟರೆ ಅದು ಪೈಪಿನಲ್ಲಿ ಬಂದು ಬಣ್ಣದ ಜೊತೆ ಸಿಡಿಯುತ್ತದೆ.

• ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿ, ಫ್ಯಾನ್ ಆರಿಸಿ. ಧೂಳು ಕೂತರೆ ಕಾಳು ಕಾಳಾಗುತ್ತದೆ. ಕಿಟಕಿ ಮಾತ್ರ ತೆರೆದಿರಲಿ, ಮೂಗಿಗೆ ಮಾಸ್ಕಿರಲಿ. ಹತ್ತಿರದಲ್ಲಿ ಗ್ಯಾಸ್ ಒಲೆಯಾಗಲಿ ದೇವರ ದೀಪವಾಗಲಿ ಉರಿಯುತ್ತಿರಬಾರದು, ಥಿನ್ನರ್ ಆವಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.

• ಬಣ್ಣ ಇಳಿಯಿತೆಂದು ಗಾಬರಿಯಾಗಿ ಬೆರಳಲ್ಲಿ ಒರೆಸಬೇಡಿ, ಬೆರಳಚ್ಚು ಉಳಿಯುತ್ತದೆ. ಪೂರ್ತಿ ಗಟ್ಟಿಯಾಗಲು ಬಿಡಿ. ಆಮೇಲೆ 400 ನಂಬರಿನ ವಾಟರ್ ಪೇಪರನ್ನು ಮರದ ತುಂಡಿಗೆ ಸುತ್ತಿ, ಸೋಪಿನ ನೀರಲ್ಲಿ ಅದ್ದಿ ಉಜ್ಜಿ, ಮೇಲೊಂದು ತೆಳು ಕೋಟು ಕೊಡಿ.

• ಡಬ್ಬಿಯೊಳಗಿನ ಗೋಲಿ ಸದ್ದು ಮಾಡಲು ಶುರುವಾದ ಮೇಲೂ ಒಂದು ನಿಮಿಷ ಅಲ್ಲಾಡಿಸಿ, ಇಲ್ಲದಿದ್ದರೆ ಬಣ್ಣ ತಳದಲ್ಲೇ ಕೂತಿರುತ್ತದೆ. ಕೆಲಸ ಮುಗಿದ ಮೇಲೆ ತಲೆಕೆಳಗೆ ಹಿಡಿದು ಬರೀ ಗಾಳಿ ಬರುವ ತನಕ ಒತ್ತಿ. ಇಷ್ಟಕ್ಕೆ ಸೋಮಾರಿತನ ಮಾಡಿದರೆ ಮೂತಿ ಕಟ್ಟಿಕೊಂಡು, ದುಡ್ಡು ಕೊಟ್ಟು ತಂದ ಬಣ್ಣ ಅರ್ಧ ಒಳಗೇ ಉಳಿಯುತ್ತದೆ.